ಸುಣ್ಣದ ಬೀದಿಯ ಕೊನೆಯ ಹೊಸಿಲು

ನಮ್ಮ ಊರಿಗೆ ಬರುವವರು ದಾರಿ ಕೇಳಿದರೆ ಸುಣ್ಣದ ಗೂಡಿನ ಹೊಗೆ ನೋಡಿಕೊಂಡು ಬನ್ನಿ ಎಂದು ಹೇಳುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಈಗ ಆ ಹೊಗೆ ಇಲ್ಲ. ಯಾರಾದರೂ ದಾರಿ ಕೇಳಿದರೆ ನಾವು ಕೈ ಮಾಡಿ ತೋರಿಸುತ್ತೇವೆ.

ನಾನು ಅರುಳಪ್ಪ, ಗುಡ್ಡದ ಮೇಲೆ ಶಿಲುಬೆ ಹೊತ್ತು ನಿಂತ ದೇವಾಲಯದ ಗಂಟೆಯವನು. ನಮ್ಮಪ್ಪನೂ ಗಂಟೆಯವನೇ. ಗಂಟೆಯವನ ಕೆಲಸವೆಂದರೆ ಹಗ್ಗ ಎಳೆಯುವುದು ಎಂದು ಹೊರಗಿನವರು ತಿಳಿಯುತ್ತಾರೆ. ಎಳೆಯುವುದು ಕೊನೆಯ ಕೆಲಸ. ಮೊದಲ ಕೆಲಸ ನಡೆಯುವುದು. ಊರಿಗೆಲ್ಲ ಸಂಬಂಧಪಟ್ಟ ಒಂದು ವಿಷಯಕ್ಕೆ ಗಂಟೆ ಹೊಡೆಯಬೇಕಾದರೆ ನಾನು ಮೊದಲು ಬರಿಗಾಲಲ್ಲಿ ಪ್ರತಿ ಮನೆಗೂ ಹೋಗಬೇಕು. ಹೊಸಿಲಾಚೆ ನಿಂತು, ಒಳಮನೆಯವರಿಗೂ ಮುಟ್ಟುವ ಹಾಗೆ ಗಟ್ಟಿಯಾಗಿ, "ದೇವರಿಗೆ ಸ್ತೋತ್ರ. ಹಿಂಗಿಂಗೆ ಅಂತ ಗಂಟೆ ಹೊಡೀಬೇಕು ಅಂತಿದೀವಿ. ನೀವೇನಂತೀರಿ?" ಎನ್ನಬೇಕು. ಅವರು ಆಗಲಿ ಅನ್ನಬಹುದು, ಬೇಡ ಅನ್ನಬಹುದು, ನನ್ನನ್ನು ಬಯ್ದು ಕಳಿಸಲೂಬಹುದು. ಗಂಟೆಗೆ ಅದೆಲ್ಲ ಲೆಕ್ಕವಿಲ್ಲ. ಆದರೆ ಯಾರನ್ನು ವಿಚಾರಿಸಿಲ್ಲವೋ ಅವರ ಕಿವಿಗೆ ಆ ಗಂಟೆ ಬೀಳುವುದಿಲ್ಲ. ಗೋಪುರದ ಕೆಳಗೇ ನಿಂತಿದ್ದರೂ ಬೀಳುವುದಿಲ್ಲ.

ದಿನದ ಪೂಜೆಯ ಗಂಟೆಗೆ ವರ್ಷಕ್ಕೊಮ್ಮೆ, ನಲವತ್ತು ದಿನದ ಉಪವಾಸ ಶುರುವಾಗುವ ವಿಭೂತಿ ಬುಧವಾರದಂದು ವಿಚಾರಿಸಿದರೆ ಮುಂದಿನ ವಿಭೂತಿಯವರೆಗೆ ಸಾಕು. ಸಾವು, ಮದುವೆ, ಹಬ್ಬ, ಆಪತ್ತು ಇವಕ್ಕೆಲ್ಲ ಹೊಸದಾಗಿಯೇ ನಡೆಯಬೇಕು. ಮೇಲುಪೇಟೆಯ ಇನ್ನಾಸಪ್ಪ ಎಂಬ ಮುದುಕ ಮೂವತ್ತು ವರ್ಷದಿಂದ ನಾನು ಏನು ವಿಚಾರಿಸಿದರೂ "ಬೇಡ" ಎಂದೇ ಹೇಳಿಕೊಂಡು ಬಂದವನು. ತನ್ನ ಮಗಳ ಮದುವೆ ಗಂಟೆಗೂ ಬೇಡ ಎಂದಿದ್ದ. ಆದರೆ ಮೊದಲ ಪೆಟ್ಟಿಗೇ ಎದ್ದು ಬಂದು ಮುಂದಿನ ಬೆಂಚಿನಲ್ಲಿ ಕೂರುವವನೂ ಅವನೇ. "ಬೇಡ ಅಂದ್ಮೇಲೆ ಯಾಕೋ ಬಂದೆ" ಎಂದು ಯಾರಾದರೂ ಛೇಡಿಸಿದರೆ, "ನನ್ನ ಮಾತು ನಡೀಲಿಲ್ಲ, ಆದ್ರೆ ನನ್ನ ಮಾತು ಕೇಳುದ್ರಲ್ಲ" ಎನ್ನುತ್ತಿದ್ದ.

ಹಿಂದೊಬ್ಬರು ಸ್ವಾಮಿಯವರು ದೇವಾಲಯದ ಗುರುಗಳಾಗಿ ಬಂದಿದ್ದರು. ಬಲು ಚುರುಕಿನವರು. ಪೂಜೆಯ ಹೊತ್ತನ್ನು ಆರಕ್ಕೆ ಬದಲು ಐದೂವರೆಗೆ ಮಾಡಿ, ತಾವೇ ಗಂಟೆ ಹೊಡೆದು, ದೇವಾಲಯದಲ್ಲಿ ಒಬ್ಬರೇ ನಿಂತರು. ಎಂಟು ದಿನ ಹಾಗೇ ನಿಂತರು. ಒಂಬತ್ತನೆಯ ದಿನ ಚಪ್ಪಲಿ ಬಿಟ್ಟು ನನ್ನ ಜೊತೆ ನಡೆದರು. ಆಮೇಲೆ ನಮ್ಮವರೇ ಆಗಿಹೋದರು.

ಊರಿನಲ್ಲಿ ಮೇಲುಪೇಟೆಯದು ನೂರಾ ನಲವತ್ತು ಮನೆ. ಕೆರೆಯ ಇನ್ನೊಂದು ತುದಿಗೆ, ಕೋಡಿಯ ಕೆಳಗೆ ಸುಣ್ಣದ ಬೀದಿ. ಅಲ್ಲಿ ಹನ್ನೊಂದು ಮನೆ. ಸುಣ್ಣದ ಕಲ್ಲು ಸುಡುವವರು. ವರ್ಷವರ್ಷವೂ ಉಪವಾಸ ಮುಗಿಯುವ ಪಾಸ್ಕ ಹಬ್ಬಕ್ಕೆ ದೇವಾಲಯದ ಗೋಡೆಗೆ ಸುಣ್ಣ ಬಳಿಯುವುದು ಅವರ ಪಾಲಿನ ಸೇವೆ. ಗೋಡೆ ಬೆಳ್ಳಗಾದ ಮೇಲೆ ಅವರು ಹಿಂದಿನ ಬೆಂಚಿನಲ್ಲಿ ಕೂರುವುದೂ ಹಳೆಯ ಕಾಲದಿಂದ ಬಂದದ್ದೇ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ನನ್ನ ನಡಿಗೆ ಮುಗಿಯುವುದು ಆ ಬೀದಿಯ ಕೊನೆಯ ಮನೆಯಲ್ಲಿ, ಮದಲೇನಮ್ಮನ ಹೊಸಿಲಲ್ಲಿ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತಿತ್ತು. ಆಕೆ ತನ್ನ ಉತ್ತರ ಕೊಟ್ಟು, ಒಂದು ಚೊಂಬು ನೀರು ತಂದಿಟ್ಟು, "ಊರೋರ್ನೆಲ್ಲ ವಿಚಾರ್ಸ್ಕೊಂಡು ಬಂದೆ. ನೀನೇನಂತೀಯಪ್ಪ ಅರುಳಪ್ಪ?" ಎನ್ನುತ್ತಿದ್ದಳು. ನಾನು "ಆಗಲಿ ಅಂತೀನಿ ಕಣವ್ವ" ಎನ್ನುತ್ತಿದ್ದೆ. ಗಂಟೆಯವನನ್ನು ವಿಚಾರಿಸುವುದು ಕೊನೆಯ ಮನೆಯವರ ಕೆಲಸ. ನಮ್ಮಪ್ಪನನ್ನು ಆಕೆಯ ಅತ್ತೆ ವಿಚಾರಿಸುತ್ತಿದ್ದಳು. ಹಾಗಾಗಿ ನಾನು ಹೊಡೆದ ಗಂಟೆ ನನ್ನ ಕಿವಿಗೂ ಬೀಳುತ್ತಿತ್ತು. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಾದರೂ ಇದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಆ ವರ್ಷ ಪಾಸ್ಕ ಕಳೆದು ಎರಡನೆಯ ವಾರ. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲ, ಆಕಾಶದಲ್ಲಿ ಅಂಗೈಯಗಲ ಮೋಡ ಇಲ್ಲ. ಮೇಲುಸೀಮೆಯಲ್ಲಿ ಎಲ್ಲೋ ಹುಯ್ದ ಮಳೆ ಹಳ್ಳ ಹಿಡಿದು ಬಂದು, ಸುಡುವ ಬಿಸಿಲಲ್ಲಿ ನಮ್ಮ ಕೆರೆ ತುಂಬತೊಡಗಿತು. ಮೂರನೆಯ ದಿನ ಬೆಳಿಗ್ಗೆ, ಮೇಲುಪೇಟೆಯ ಹಿಂದೆ ಹುಣಸೆಮರದ ಹತ್ತಿರ, ಏರಿ ಬಿರುಕು ಬಿಟ್ಟು ಕೆಸರುನೀರು ಜಿನುಗುತ್ತಿತ್ತು. ಆ ಬಿರುಕಿನ ನೇರ ಕೆಳಗೆ ಮೊದಲ ಮನೆ ನನ್ನದೇ. ನನ್ನ ಹೆಂಡತಿ ಲೂರ್ದಮ್ಮ ಆಗಲೇ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು.

ಬೆಳಗಿನ ಪೂಜೆ ಮುಗಿದ ಕೂಡಲೇ ಪೂಜಾವಸ್ತ್ರದ ಕೋಣೆಯಲ್ಲಿ ಪಾಲನಾ ಪರಿಷತ್ತು ಸೇರಿತು. ಬೆನೆದಿಕ್ತ ಸ್ವಾಮಿಯವರು ನಮ್ಮಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಮೃದು ಮನುಷ್ಯ. ಪರಿಷತ್ತಿನ ಹಿರಿಯರು ರಾಯಪ್ಪ ಮೇಷ್ಟ್ರು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಇನ್ನೂ ನಾಲ್ವರಿದ್ದರು. ಸುಣ್ಣದ ಬೀದಿಯ ಸದಸ್ಯ ದೇವಸಹಾಯ, ಅಂದರೆ ಮದಲೇನಮ್ಮನ ಮಗ, ಬಂದಿರಲಿಲ್ಲ. ಅವತ್ತು ಗೂಡು ಬಿಚ್ಚುವ ದಿನ, ಸುಟ್ಟ ಸುಣ್ಣ ಹೊರಗೆ ತೆಗೆಯಬೇಕು. ನಾನು ಬಾಗಿಲ ಬಳಿ ನಿಂತಿದ್ದೆ.

ಮೇಷ್ಟ್ರು ಹೇಳಿದ್ದು ಸರಳವಾಗಿತ್ತು. ಏರಿ ಹುಣಸೆಮರದ ಹತ್ತಿರ ಒಡೆದರೆ ನೂರಾ ನಲವತ್ತು ಮನೆ, ಶಾಲೆ, ಸಂತೆಬೀದಿ ಎಲ್ಲ ಹೋಗುತ್ತದೆ. ಮಧ್ಯಾಹ್ನದೊಳಗೆ ನಾವೇ ಕೋಡಿಯ ಹತ್ತಿರ ಏರಿ ಕಡಿದರೆ ನೀರು ಆ ಕಡೆ ಇಳಿದುಹೋಗುತ್ತದೆ, ಊರು ಉಳಿಯುತ್ತದೆ. ಕೋಡಿಯ ಕೆಳಗಿರುವುದು ಸುಣ್ಣದ ಬೀದಿ. ಮನೆ ಹೋಗುತ್ತವೆ, ಜನ ಎದ್ದು ಗುಡ್ಡಕ್ಕೆ ಬಂದುಬಿಟ್ಟರೆ ಜೀವ ಹೋಗುವುದಿಲ್ಲ. ಗಂಟೆ ಹೊಡೆದು ಎಲ್ಲರನ್ನೂ ಗುಡ್ಡ ಹತ್ತಿಸುವುದು, ಆಮೇಲೆ ಕಡಿಯುವುದು.

"ಸುಣ್ಣದ ಬೀದಿಯವ್ರನ್ನ ವಿಚಾರಿಸ್ಬೇಕಲ್ಲ ಮೇಷ್ಟ್ರೇ," ಎಂದರು ಸ್ವಾಮಿಯವರು.

"ವಿಚಾರಿಸಾಗಿದೆ ಸ್ವಾಮಿ." ಮೇಷ್ಟ್ರು ಪರಿಷತ್ತಿನ ಹಳೆಯ ಪುಸ್ತಕ ತೆರೆದು ತೋರಿಸಿದರು. "ಮೂರು ವರ್ಷದ ಹಿಂದೆ. ಕೆರೆಗೆ ಅಪಾಯ ಬಂದರೆ ಗಂಟೆ ಹೊಡೆಯೋಣವೇ ಅಂತ ಮನೆಮನೆಗೂ ಹೋಗಿದ್ದಾರೆ. ಹನ್ನೊಂದು ಮನೆಯವರೂ ಆಗಲಿ ಅಂದಿದ್ದಾರೆ. ನನ್ನ ಅಕ್ಷರವೇ."

"ಕೋಡಿ ಕಡಿಯೋ ಮಾತು ಅದರಲ್ಲಿಲ್ಲ."

"ಕೆರೆ ಮಾತು ಇದೆ. ಈಗ ಹೋಗಿ ಬನ್ನಿ ಅಂದರೆ ಆ ಕೊನೆಗೆ ಹೋಗಿ ಬರೋಕೇ ಒಂದೂವರೆ ಗಂಟೆ. ಹೋದರೆ ಅವರು ಬೇಡ ಅಂತಾರೆ. ಯಾರು ತಾನೇ ಅನ್ನಲ್ಲ? ಅವರ ಬಾಯಲ್ಲಿ ಬೇಡ ಅನ್ನಿಸಿಕೊಂಡ ಮೇಲೆ ಕಡಿಯೋಕೆ ನಿಮಗೆ ಕೈ ಬರುತ್ತಾ ಸ್ವಾಮಿ?"

ಸ್ವಾಮಿಯವರು ಮೇಜಿನತ್ತ ತಿರುಗಿದರು. ಅದರ ಮೇಲೆ, ಗುರುಗಳಿಗೆಲ್ಲ ಮೇಲಿನವರಾದ ಧರ್ಮಾಧ್ಯಕ್ಷರ ಸುತ್ತೋಲೆ ಇತ್ತು. ಆಪತ್ಕಾಲದಲ್ಲಿ, ಸಿಕ್ಕಷ್ಟು ಮಂದಿ ಸದಸ್ಯರ ಮಾತು ಪಡೆದು ಧರ್ಮಕೇಂದ್ರದ ಗುರುಗಳೇ ತೀರ್ಮಾನ ತೆಗೆದುಕೊಳ್ಳಬಹುದು ಎಂದು ಅದರಲ್ಲಿ ಬರೆದಿತ್ತು. ಧರ್ಮಾಧ್ಯಕ್ಷರು ಒಳ್ಳೆಯವರೇ. ಅವರಿರುವ ಪಟ್ಟಣದಲ್ಲಿ ಗಂಟೆ ಹೊಡೆದರೆ ಎಲ್ಲರ ಕಿವಿಗೂ ಬೀಳುತ್ತದಂತೆ.

ಸ್ವಾಮಿಯವರು ಅದನ್ನು ಎರಡು ಸಲ ಓದಿದರು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು, ನಾವೂ ಮಾಡಿದೆವು. ಆಮೇಲೆ, "ಅರುಳಪ್ಪ, ಮೇಲುಪೇಟೆ ಬೇಗ ಮುಗಿಸಿ ಬಂದು ಹಗ್ಗ ಹಿಡಿ. ನಾನು ಬಂದು ನಿಲ್ಲಿಸು ಅನ್ನೋವರೆಗೂ ಹೊಡೀತಿರು. ಗಂಟೆ ನಿಂತ ಮೇಲೆ ಕೋಡಿ ಹತ್ತಿರದವರು ಕಡಿಯಲಿ," ಎಂದರು.

ಆಪತ್ತಿನ ಗಂಟೆ ಹಳೆಯ ವಿಚಾರಣೆಗೆ ಒಲಿಯುವುದಿಲ್ಲ ಎಂಬುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬಾಯಿ ತೆರೆದೆ. ತೆರೆದ ಬಾಯಲ್ಲಿ ಲೂರ್ದಮ್ಮ ಕಟ್ಟುತ್ತಿದ್ದ ಮೂಟೆ ಅಡ್ಡ ಬಂತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮದಲೇನಮ್ಮನ ಹೊಸಿಲಲ್ಲಿ ನಿಂತು, ನಿನ್ನ ಮನೆ ಮುಳುಗಿಸಬೇಕು ಅಂತಿದೀವಿ, ನೀನೇನಂತೀಯ ಎಂದು ನಾನು ಕೇಳಬೇಕಾಗಿತ್ತು. ಆ ಕೆಲಸ ತಪ್ಪಿತಲ್ಲ ಎಂದು ನನ್ನ ಜೀವ ಹಗುರಾಯಿತು. ಪಾಪನಿವೇದನೆಯಲ್ಲಿ ಇದನ್ನು ಬಹಳ ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ಅಲ್ಲೇ ಇದೆ.

ಮೇಲುಪೇಟೆಯನ್ನು ಓಡಿಕೊಂಡೇ ಮುಗಿಸಿದೆ. ಇನ್ನಾಸಪ್ಪ ಬೇಡ ಎಂದ. ಎನ್ನುತ್ತಲೇ ಮೂಟೆ ಹೆಗಲಿಗೇರಿಸಿದ. ಹನ್ನೊಂದು ಗಂಟೆಯ ಹೊತ್ತಿಗೆ ಗೋಪುರ ಹತ್ತಿ, ಶಿಲುಬೆಯ ಗುರುತು ಹಾಕಿಕೊಂಡು, ಹಗ್ಗ ಜಗ್ಗಿದೆ.

ಗಂಟೆ ಆಡಿತು. ನಾಲಗೆ ಹೋಗಿ ಬಡಿಯಿತು. ಸದ್ದಿಲ್ಲ.

ಇನ್ನೊಮ್ಮೆ ಜಗ್ಗಿದೆ. ಕಂಚಿನ ನಡುಕ ಹಗ್ಗದಲ್ಲಿ ಇಳಿದು ತೋಳಿಗೆ ಬಂತು, ಕಿವಿಗೆ ಏನೂ ಬರಲಿಲ್ಲ. ಕಿಟಕಿಯ ಕೆಳಗೆ ಮೇಲುಪೇಟೆಯವರು ಹೆಂಗಸರು ಮಕ್ಕಳು ಮೂಟೆಗಳೊಡನೆ ದಡದಡ ಗುಡ್ಡ ಹತ್ತುತ್ತಿದ್ದರು. ಅವರಿಗೆಲ್ಲ ಸದ್ದು ಹೋಗುತ್ತಿತ್ತು. ಹಾಗಿದ್ದರೆ ನನಗೇಕೆ ಇಲ್ಲ? ಅವತ್ತು ನನ್ನನ್ನು ಯಾರೂ ವಿಚಾರಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ನನ್ನನ್ನು ವಿಚಾರಿಸುವ ಹೊಸಿಲನ್ನು ನಾನು ಮುಟ್ಟಿರಲಿಲ್ಲ. ತಲೆಯೆತ್ತಿ ದೂರಕ್ಕೆ ನೋಡಿದೆ. ಕೋಡಿಯ ಕೆಳಗೆ ಗೂಡಿನ ಹೊಗೆ ನೆಟ್ಟಗೆ ಏಳುತ್ತಿತ್ತು. ಹೆಂಗಸರು ಪುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು. ಒಬ್ಬಳು ಬಟ್ಟೆ ಹರವುತ್ತಿದ್ದಳು. ಒಬ್ಬರೂ ತಲೆ ಎತ್ತಿ ಗುಡ್ಡದ ಕಡೆ ನೋಡಲಿಲ್ಲ. ನನಗಿದ್ದ ಆ ನಿಶ್ಶಬ್ದವೇ ಅವರಿಗೂ ಇತ್ತು.

ಓಡಿಹೋಗಿ ಹೇಳಬೇಕು. ಹಗ್ಗ ಬಿಟ್ಟರೆ ಗಂಟೆ ನಿಲ್ಲುತ್ತದೆ. ಗಂಟೆ ನಿಂತರೆ ಕೋಡಿ ಹತ್ತಿರದವರು ಕಡಿಯುತ್ತಾರೆ. ಹಿಡಿದುಕೊಂಡೇ ಇದ್ದರೆ ಹೇಳುವವರು ಯಾರು? ಎಳೆಯುತ್ತಲೇ ಕಿಟಕಿಯಿಂದ ಕೂಗಿದೆ: "ಸುಣ್ಣದ ಬೀದಿಗೆ ಓಡ್ರಪ್ಪಾ ಯಾರಾದ್ರೂ." ನನ್ನ ಕೂಗು ನನಗೆ ಸ್ಪಷ್ಟವಾಗಿ ಬರುತ್ತಿತ್ತು, ಆ ಗೋಪುರದಲ್ಲಿ ಬೇರೆ ಸದ್ದೇ ಇರಲಿಲ್ಲವಲ್ಲ. ಆದರೆ ಅಂಗಳದಲ್ಲಿ ನಿಂತವರಿಗೆ ತಲೆಯ ಮೇಲೆ ಗಂಟೆ ಮೊರೆಯುತ್ತಿತ್ತು. ಅವರು ಮೇಲೆ ನೋಡಿ, ಅರುಳಪ್ಪ ದೇವರ ಹೆಸರು ಹೇಳಿಕೊಂಡು ಹೊಡೀತಾನೆ ಎಂದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಹಾಗೆ ಎಷ್ಟು ಹೊತ್ತು ಕೂಗಿದೆನೋ.

ಕೊನೆಗೆ ಮೇಲೆ ಹತ್ತಿ ಬಂದವನು ಇನ್ನಾಸಪ್ಪ. ನನ್ನ ಬಾಯಿ ಅಲ್ಲಾಡುವುದು ಅವನಿಗೆ ಸರಿಕಂಡಿರಲಿಲ್ಲ. ಅವನ ಕಿವಿಗೆ ಬಾಯಿಟ್ಟು, "ನಿಲ್ಲಿಸಬೇಡ, ಎಳೀತಿರು" ಎಂದು ಹಗ್ಗವನ್ನು ಅವನ ಕೈಗೆ ತುರುಕಿದೆ. ಎಪ್ಪತ್ತು ದಾಟಿದ ಮುದುಕ. ಆ ಹಗ್ಗದ ಲಯ ಸಿಗಲು ನನಗೇ ಒಂದು ವರ್ಷ ಹಿಡಿದಿತ್ತು. ಅವನು ಜಗ್ಗಿದ, ಗಂಟೆ ಅರ್ಧಕ್ಕೆ ಬಂದು ತೂಗಿ ನಿಂತಿತು. ಮತ್ತೆ ಜಗ್ಗಿದ. ಮೂರನೆಯ ಎಳೆತಕ್ಕೆ ಸರಿಯಾಯಿತಂತೆ. ತಪ್ಪಿದ್ದು ಎರಡು ಪೆಟ್ಟು. ಕೋಡಿಯ ಹತ್ತಿರ ಗುದ್ದಲಿ ಹಿಡಿದು ನಿಂತಿದ್ದ ಮೇಲುಪೇಟೆಯ ಆರು ಮಂದಿಗೆ ಅಷ್ಟೇ ಸಾಕಾಯಿತು. ನಿಂತ ಕಡೆಯಿಂದ ಗೂಡಿನ ಹೊಗೆ ಮಾತ್ರ ಕಾಣುತ್ತಿತ್ತು, ಜನ ಬಿಟ್ಟುಹೋಗಿದ್ದಾರೆ, ಗೂಡು ತಾನೇ ಉರೀತಿದೆ ಅಂದ್ಕೊಂಡ್ವಿ ಎಂದು ಆಮೇಲೆ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಹಾಗೆ ಅಂದುಕೊಳ್ಳುವುದು ಅವತ್ತು ನಮಗೆಲ್ಲ ಬೇಕಾಗಿತ್ತು.

ನಾನು ಗುಡ್ಡದ ಅರ್ಧ ಮೆಟ್ಟಿಲು ಇಳಿದಿದ್ದಾಗ ನೀರಿನ ಮೊರೆತ ಬಂತು. ಅದು ಮಾತ್ರ ನನ್ನ ಕಿವಿಗೆ ಚೆನ್ನಾಗಿ ಬಿತ್ತು.

ಗೂಡಿನಿಂದ ತೆಗೆದು ರಾಶಿ ಹಾಕಿದ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂಬುದು ಒಂದು ಪುಟ್ಟಿ ಸುಣ್ಣ ಅರಳಿಸಿದವರಿಗೂ ಗೊತ್ತು. ಅಲ್ಲಿ ಹನ್ನೊಂದು ಮನೆಯ ಸುಣ್ಣವಿತ್ತು. ನಾನು ಹೋಗಿ ನೋಡಿದಾಗ ನೀರು ಹಾಲಿನ ಹಾಗೆ ಬೆಳ್ಳಗಿತ್ತು. ಕುದಿಯುತ್ತಿತ್ತು. ಉಳಿದದ್ದನ್ನು ನಾನು ಬರೆಯುವುದಿಲ್ಲ. ಗೂಡಿನ ಎತ್ತರದ ಕಟ್ಟೆಯ ಮೇಲೆ ಆರು ಜನ ನಿಂತಿದ್ದರು. ಅವರಲ್ಲಿ ಮದಲೇನಮ್ಮ ಒಬ್ಬಳು. ಅವಳ ಮಗ ದೇವಸಹಾಯ, ಸೊಸೆ, ಸೊಸೆಯ ಕಂಕುಳಲ್ಲಿದ್ದ ಕೂಸು ಆ ಕಟ್ಟೆಯ ಮೇಲಿರಲಿಲ್ಲ. ಸಂಜೆ ನೀರು ಇಳಿದ ಮೇಲೆ ನಾನು ಆಕೆಯ ಕೈ ಹಿಡಿದು ಇಳಿಸಿದೆ. ಮೈತುಂಬ ಸುಣ್ಣ. ರೆಪ್ಪೆಯೂ ಬೆಳ್ಳಗಾಗಿತ್ತು.

"ಗಂಟೆ ಹೊಡುದ್ಯಾ ಅರುಳಪ್ಪ?" ಎಂದಳು.

"ಹೊಡೆದೆ ಕಣವ್ವ."

ಆಕೆ ತಲೆಯಾಡಿಸಿದಳು. ಅಷ್ಟೇ.

ತೀರಿಕೊಂಡವರು ಇಪ್ಪತ್ತಮೂರು ಜನ. ಮೇಲುಪೇಟೆಯಲ್ಲಿ ಒಂದು ಹೆಂಚೂ ಜರುಗಿರಲಿಲ್ಲ. ಆ ರಾತ್ರಿ ನನ್ನ ಮನೆಯಲ್ಲಿ ಲೂರ್ದಮ್ಮ ಮೂಟೆ ಬಿಚ್ಚಿ ಪಾತ್ರೆಗಳನ್ನು ಮತ್ತೆ ಅವವುಗಳ ಜಾಗದಲ್ಲಿ ಇಟ್ಟಳು. ಮರುದಿನ ಪರಿಷತ್ತು ಮತ್ತೆ ಸೇರಿತು. "ನೂರಾ ನಲವತ್ತು ಮನೆ ಉಳಿದಿದೆಯಲ್ಲ ಸ್ವಾಮಿ," ಎಂದರು ರಾಯಪ್ಪ ಮೇಷ್ಟ್ರು. ಅದು ನಿಜವಾಗಿತ್ತು. ಮೇಷ್ಟ್ರ ಧ್ವನಿ ಮಾತ್ರ ಮೊದಲಿನದಾಗಿರಲಿಲ್ಲ. ಅವರು ಹಳೆಯ ಪುಸ್ತಕ ತೆರೆದು, ತಮ್ಮ ಅಕ್ಷರವಿದ್ದ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಸಾವಿನ ಗಂಟೆ ಹೊಡೆಯಬೇಕಿತ್ತು. ಸ್ವಾಮಿಯವರು ಚಪ್ಪಲಿ ಬಿಟ್ಟು ನನ್ನ ಜೊತೆ ಹೊರಟರು. ಸುಣ್ಣದ ಬೀದಿಯ ಆರು ಜನರನ್ನು ಶಾಲೆಯಲ್ಲಿ ಇರಿಸಿದ್ದರು. ಮೊದಲು ಅಲ್ಲಿಗೇ ಹೋದೆವು. ಬಾಗಿಲಾಚೆ ನಿಂತು ಸ್ವಾಮಿಯವರೇ ವಿಚಾರಿಸಿದರು.

"ತಪ್ಪು ನನ್ನದು ಕಣಮ್ಮ," ಎಂದರು.

"ನಿಮ್ಮೊಬ್ಬರದೇ ಅಂತ ಯಾರಂದ್ರು ಸ್ವಾಮಿ," ಎಂದಳು ಮದಲೇನಮ್ಮ. ಗೋಡೆಗೆ ಒರಗಿ ಕೂತಿದ್ದಳು. "ವಿಚಾರ್ಸೋಕೆ ಇನ್ನೂ ಇಪ್ಪತ್ತಮೂರು ಜನ ಅಲ್ಲಿ ಮಲಗವ್ರೆ. ಅವರ್ನೂ ವಿಚಾರ್ಸ್ಕೊಂಡು ಬನ್ನಿ. ಆಮೇಲೆ ನಾನು ಹೇಳ್ತೀನಿ."

ದೇಹಗಳನ್ನು ದೇವಾಲಯದೊಳಗೆ ಸಾಲಾಗಿ ಮಲಗಿಸಿದ್ದೆವು, ಮುಂದಿನ ಬೆಂಚುಗಳನ್ನು ಸರಿಸಿ. ಹದಿನೈದು ದಿನದ ಹಿಂದೆ ಅವರೇ ಬಳಿದ ಗೋಡೆ ಸುತ್ತಲೂ ಬೆಳ್ಳಗೆ ಹೊಳೆಯುತ್ತಿತ್ತು. ಸ್ವಾಮಿಯವರು ಒಂದೊಂದರ ಪಕ್ಕದಲ್ಲೂ ಮಂಡಿಯೂರಿ, ಹೆಸರು ಹಿಡಿದು ಕರೆದು, "ನೀವೇನಂತೀರಿ?" ಎಂದರು. ಪ್ರತಿಯೊಂದು ಸಲವೂ ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಕಾದರು. ಕೂಸಿಗೆ ಇನ್ನೂ ಜ್ಞಾನಸ್ನಾನವಾಗಿರಲಿಲ್ಲ, ಹೆಸರಿರಲಿಲ್ಲ. ಅಲ್ಲಿ ಅವರು ಬಹಳ ಹೊತ್ತು ಕಾದರು. ಮೇಲುಪೇಟೆಯನ್ನೂ ಮುಗಿಸಿ ಮತ್ತೆ ಶಾಲೆಗೆ ಬಂದಾಗ ಮದಲೇನಮ್ಮ "ಹೊಡೀರಿ" ಎಂದಳು. ನಾನು ಬಾಗಿಲಲ್ಲೇ ನಿಂತೆ. ಆಕೆ ನನ್ನನ್ನು ನೋಡಿದಳು. ನನ್ನನ್ನು ವಿಚಾರಿಸಲಿಲ್ಲ.

ಆಕೆ ಮೊದಲೇ ವಿಚಾರಿಸಿದ್ದ ಆ ವರ್ಷದ ದಿನದ ಗಂಟೆ ಬಿಟ್ಟರೆ, ಅಂದಿನಿಂದ ಹನ್ನೆರಡು ವರ್ಷ ನಾನು ಹೊಡೆದ ಯಾವ ಗಂಟೆಯೂ ನನ್ನ ಕಿವಿಗೆ ಬಿದ್ದಿಲ್ಲ. ಲೂರ್ದಮ್ಮ ಒಮ್ಮೆ ಮರುಕಪಟ್ಟು, "ನಾನೇ ವಿಚಾರಿಸ್ತೀನಿ ಬಿಡಿ" ಎಂದಾಗ ಎರಡೂ ಕಿವಿ ಮುಚ್ಚಿಕೊಂಡೆ. ಅದು ಆ ಹೊಸಿಲಿನಿಂದ ಬರಬೇಕಾದದ್ದು. ಕೋಡಿಯಿಂದ ದೂರ, ಗುಡ್ಡದ ತಪ್ಪಲಲ್ಲಿ ಆರು ಜನಕ್ಕೂ ಮನೆ ಕಟ್ಟಿಕೊಟ್ಟೆವು. ಗೂಡು ಮತ್ತೆ ಉರಿಯಲಿಲ್ಲ. ಪರಿಷತ್ತಿನಲ್ಲಿ ಈಗ ಎಲ್ಲ ಬೀದಿಯವರೂ ಬಂದು ಕೂರುವವರೆಗೆ ಯಾವ ಮಾತೂ ಶುರುವಾಗುವುದಿಲ್ಲ. ಅದು ಒಳ್ಳೆಯದೇ. ನಾನು ಪ್ರತಿ ಸಲವೂ ಮದಲೇನಮ್ಮನ ಮನೆಗೆ ಕೊನೆಗೆ ಹೋಗುತ್ತಿದ್ದೆ. ಆಕೆ ತನ್ನ ಉತ್ತರ ಕೊಡುತ್ತಿದ್ದಳು, ಚೊಂಬಿನಲ್ಲಿ ನೀರು ಕೊಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ನಾನು ನೀರು ಕುಡಿದು ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ.

ಹೋದ ವಿಭೂತಿ ಬುಧವಾರ ಆಕೆ ಚಾಪೆ ಹಿಡಿದಿದ್ದಳು. ದಿನದ ಪೂಜೆಯ ಗಂಟೆಗೆ ವಿಚಾರಿಸಿದೆ. ಅದಕ್ಕೆ ಉತ್ತರ ಕೊಡದೆ, "ಅವತ್ತು ಬಂದಿದ್ರೆ ಏನಂತ ವಿಚಾರಿಸ್ತಿದ್ದೆ?" ಎಂದಳು.

ಯಾವತ್ತು ಎಂದು ನಾನು ಕೇಳಲಿಲ್ಲ. ಹೊಸಿಲಾಚೆ ನೆಟ್ಟಗೆ ನಿಂತೆ. "ದೇವರಿಗೆ ಸ್ತೋತ್ರ. ಕೆರೆ ಒಡೀತದೆ. ಕೋಡಿ ಹತ್ರ ಕಡೀಬೇಕು ಅಂತಿದೀವಿ. ನಿಮ್ಮ ಮನೆಗಳು ಹೋಗ್ತವೆ. ಎಲ್ರೂ ಗುಡ್ಡಕ್ಕೆ ಬನ್ನಿ ಅಂತ ಗಂಟೆ ಹೊಡೀಬೇಕು. ನೀವೇನಂತೀರಿ?"

ಆಕೆ ಸೂರು ನೋಡುತ್ತಾ ಮಲಗಿದ್ದಳು.

"ಆಗಲಿ ಅಂತಿದ್ವಿ ಕಣಪ್ಪ," ಎಂದಳು. "ದೇವಸಹಾಯ ಒಂದೆರಡು ಮಾತು ಬಯ್ಯೋನು. ಆಮೇಲೆ ಆಗಲಿ ಅನ್ನೋನು. ಎತ್ಕೊಂಡು ಬರೋಕೆ ನಮ್ಮತ್ರ ಅಂಥದ್ದೇನಿತ್ತು? ಕೂಸ್ನ ಎತ್ಕೊಂಡು ಬಂದುಬಿಡ್ತಿದ್ವಿ." ಆಮೇಲೆ ಗೋಡೆಯ ಕಡೆಗೆ ಹೊರಳಿದಳು.

ಹದಿನೇಳನೆಯ ದಿನ ತೀರಿಕೊಂಡಳು. ಆಕೆಯ ಸಾವಿನ ಗಂಟೆಗೆ ಬೆಳಿಗ್ಗೆಯಿಂದ ಎಲ್ಲ ಮನೆ ನಡೆದೆ. ಇನ್ನಾಸಪ್ಪ ಹೋಗಿ ನಾಲ್ಕು ವರ್ಷವಾಯಿತು. ಬೇಡ ಎನ್ನುವವರು ಈಗ ಯಾರೂ ಇಲ್ಲ. ಕೊನೆಗೆ ಆಕೆಯ ಹೊಸಿಲಿಗೆ ಬಂದು, ತೆರೆದ ಬಾಗಿಲಿಗೆ ವಿಚಾರಿಸಿದೆ. ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಕಾದೆ. ಅದಾದ ಮೇಲಿನ ಮಾತಿಗೂ ಕಾದೆ. ಗೋಡೆಯ ಬದಿಯಲ್ಲಿ ಚೊಂಬು ಬೋರಲು ಬಿದ್ದಿತ್ತು.

ಗೋಪುರ ಹತ್ತಿ ಹಗ್ಗ ಜಗ್ಗಿದೆ. ಎಂಬತ್ತೆರಡು ವರ್ಷಕ್ಕೆ ಎಂಬತ್ತೆರಡು ಪೆಟ್ಟು. ತೋಳಿಗೆ ಬಂದ ನಡುಕವನ್ನು ಎಣಿಸಿಕೊಂಡೇ ಹೊಡೆದೆ, ಒಂದೂ ತಪ್ಪಲಿಲ್ಲ. ಗದ್ದೆಯಲ್ಲಿದ್ದವರು ನಿಂತರು, ಸಂತೆಬೀದಿಯಲ್ಲಿ ಜನ ತಲೆಯ ಬಟ್ಟೆ ತೆಗೆದರು. ಆ ದಿನ ಗಂಟೆ ಬಹಳ ಚೆನ್ನಾಗಿತ್ತಂತೆ. ಕೋಡಿಯಾಚೆಗೂ ಹೋಯಿತಂತೆ.